ಇದ್ದಲೊಲೆಯಲ್ಲಿ ಮಾಂಸಕ್ಕೆ ಹೊಗೆ ಹಿಡಿಸುವ ಕ್ರಮ

ಮಾಂಸವನ್ನು ಕೆಂಡದ ಮೇಲೆ ಸುಡುವದು ಬೇರೆ, ಹೊಗೆಯಲ್ಲಿ ಬೇಯಿಸುವದು ಬೇರೆ. ಹೊಗೆ ಹಿಡಿಸುವಾಗ ಕೆಂಡವೂ ಮಾಂಸವೂ ಒಂದಕ್ಕೊಂದು ದೂರವಿರತಕ್ಕದ್ದು. ಇದಕ್ಕೆ ಮುಚ್ಚಳವುಳ್ಳ ಸಾಧಾರಣ ಇದ್ದಲೊಲೆಯೇ ಸಾಕು. ಕೆಂಡವನ್ನು ಒಂದು ಬದಿಗೆ ಕೂಡಿಸಿ, ಮತ್ತೊಂದು ಬದಿಯಲ್ಲಿ ನೀರಿನ ತಟ್ಟೆಯನ್ನಿಟ್ಟು, ಅದರ ಮೇಲಣ ಸರಳುಗಳ ಮೇಲೆ ಮಾಂಸವನ್ನಿರಿಸುವೆವು. ಕೆಂಡಕ್ಕೆ ಒಣಗಿದ ಮಾವಿನ ಇಲ್ಲವೆ ಪೇರಲ ಮರದ ಒಂದೆರಡು ತುಂಡು ಹಾಕಿ ಮುಚ್ಚುವೆವು. ರಾಳವುಳ್ಳ ಮರವೂ ಬಣ್ಣ ಬಳಿದ ಹಲಗೆಯೂ ಸಲ್ಲವು. ದಟ್ಟವಾದ ಬಿಳಿ ಹೊಗೆಯಿಂದ ಮಾಂಸವು ಕಹಿಯಾಗುವದು. ತೆಳುವಾದ ನೀಲಛಾಯೆಯ ಹೊಗೆಯೇ ಬೇಕಾದದ್ದು.

ಗಾಳಿಕಿಂಡಿಗಳನ್ನು ತೆರೆದು ಮುಚ್ಚಿ ಒಲೆಯೊಳಗಣ ಶಾಖವನ್ನು 110ರಿಂದ 120 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಿಸುವದೇ ನಿಜವಾದ ಕೆಲಸ. ಹಂದಿಯ ಭುಜದ ದೊಡ್ಡ ತುಂಡು ಒಳಗೆ 70 ಡಿಗ್ರಿಯನ್ನು ಸಮೀಪಿಸಿದಾಗ ಗಂಟೆಗಟ್ಟಲೆ ಅಲ್ಲಿಯೇ ನಿಲ್ಲುವದುಂಟು. ಮೇಲ್ಮೈಯ ತೇವವು ಆವಿಯಾಗಿ ಅದನ್ನು ತಂಪುಮಾಡುವದೇ ಕಾರಣ. ಆಗ ಆತುರಪಟ್ಟು ಬೆಂಕಿ ಹೆಚ್ಚಿಸಬಾರದು. 95 ಡಿಗ್ರಿಗೆ ಏರಿದರೆ ಎಳೆಎಳೆಯಾಗಿ ಬಿಡುವದು. ಕೋಳಿಯಾದರೋ ಒಳಭಾಗವು 74 ಡಿಗ್ರಿಯಾಗದೆ ಬಡಿಸಲಾಗದು. ಹೊಗೆಯು ಬೆಂದ ಮಾಂಸಕ್ಕೂ ಕೆಂಪು ಕೊಡುವದರಿಂದ ಬಣ್ಣವನ್ನು ನಂಬದೆ ಉಷ್ಣಮಾಪಕವನ್ನು ಚುಚ್ಚಿ ನೋಡತಕ್ಕದ್ದು.

ಸೋದರಿಯರೇ, ಮಳೆ ಬಂತೆಂದು ಈ ಒಲೆಯನ್ನು ಮನೆಯೊಳಕ್ಕೆ ತರಲೇಬೇಡಿರಿ. ಇದ್ದಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ತೆರೆದಿಟ್ಟರೂ ಪ್ರಾಣಾಪಾಯವು ತಪ್ಪದು. ಆರುತ್ತಿರುವ ಕೆಂಡವೂ ಅದನ್ನು ಉಗುಳುವದು. ಆದಕಾರಣ ಊಟವಾದ ಮೇಲೆಯೂ ಒಲೆಯು ಅಂಗಳದಲ್ಲಿಯೇ ಇರಲಿ.