ಗಡಹಿಂಗ್ಲಜದ ಮಾಳಿಗೆ ಮೇಲೊಂದು ತಂತಿ

ಕೊಲ್ಹಾಪುರದ ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆ ತಣ್ಣಗೆ ಹರಿಯುತ್ತಿದ್ದಳು. ಇಲ್ಲಿ 43 ಅಡಿ ದಾಟಿದರೆ ಅಪಾಯ. 2019ರ ಆಗಸ್ಟಿನಲ್ಲಿ ನೀರು 55 ಅಡಿಯನ್ನೂ ಮೀರಿತ್ತು. ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಜೊತೆಗಿದ್ದ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಹೊಳೆ ನೋಡುತ್ತಲೇ ಹೇಳಿದರು: "ಟವರಿಗೆ ಕರೆಂಟ್ ಹೋದ್ರ ಮೊಬೈಲ್ ಸತ್ತಂಗ್ರಿ. ಒಂದ್ ಬ್ಯಾಟರಿ, ಒಂದ್ ತಂತಿ ಇದ್ರ ನಮ್ಮ ಮಾತು ನಡೀತದ." ಆ ತಂತಿಯನ್ನು ನೋಡಲೆಂದೇ ನಾನು ಬಂದದ್ದು.

ದಾರಿ ಬಳಸಾದರೂ ಮೊದಲು ಇಚಲಕರಂಜಿಗೆ ಹೋದೆವು. ಗುಜರಿ ಅಂಗಡಿಯಲ್ಲಿ ಅವರಿಗೆ ಹಳೆಯ ವಾಲ್ವ್‌ಗಳು ಬೇಕಿದ್ದವು, ಎರಡು ಸಿಕ್ಕವು. ಹೊರಗೆ ವಿದ್ಯುತ್ ಮಗ್ಗಗಳ ಸದ್ದು. ಕೈಯಲ್ಲಿದ್ದ ಟ್ರಾನ್ಸಿಸ್ಟರ್ ಹಚ್ಚಿದರೆ ಮೀಡಿಯಂ ವೇವ್ ತುಂಬ ಬರೀ ಗರಗರ. ಸಾಲು ಸಾಲು ಮೋಟಾರುಗಳಿರುವ ಊರಲ್ಲಿ ರೇಡಿಯೋ ಕೇಳುವುದು ಕಷ್ಟ.

ಅಲ್ಲಿಂದ ಗೆಳೆಯರ ಊರು ಗಡಹಿಂಗ್ಲಜಕ್ಕೆ ಬಂದೆವು. ಅದು ಹಿರಣ್ಯಕೇಶಿ ಹೊಳೆಯ ದಡದ ಊರು. ಗಡಿಯಾಚೆ ಕರ್ನಾಟಕದ ಸಂಕೇಶ್ವರ ಇಲ್ಲಿಂದ ದೂರವೇನಿಲ್ಲ. ಸಂತೆಯಲ್ಲಿ ಮರಾಠಿ, ಕನ್ನಡ ಎರಡೂ ಓಡಾಡುತ್ತವೆ. ಗೆಳೆಯರ ಮಾಳಿಗೆ ಮೇಲೆ ಬಿದಿರಿನ ಗಳ, ಅದರ ತುದಿಯಿಂದ ಎರಡು ಕಡೆ ಇಳಿಜಾರಾಗಿ ಎಳೆದ ತಾಮ್ರದ ತಂತಿ. ನಲವತ್ತು ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ ಅದು. 7.1 ಮೆಗಾಹರ್ಟ್ಸ್‌ಗೆ ಒಟ್ಟು ಉದ್ದ ಸುಮಾರು 20 ಮೀಟರ್ ಬೇಕು. ಅವರು ಒಂದೊಂದು ಬದಿಗೆ 10.4 ಮೀಟರ್ ಬಿಟ್ಟಿದ್ದರು. ತಂತಿಯಿಂದ ಹಿಂದಿರುಗುವ ಶಕ್ತಿಯ ಸೂಚನೆ ಕೊಡುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು 6.9ರಲ್ಲಿ ಕೆಳಗಿಳಿಯಿತು, 7.1ಕ್ಕೆ ಬಂದಾಗ ಮೇಲೇರಿತು. ಅಂದರೆ ತಂತಿ ಉದ್ದವಾಗಿದೆ. ಇಕ್ಕಳ ಕೈಗೆತ್ತಿಕೊಂಡರು, ಆದರೆ ಕತ್ತರಿಸಲಿಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿದರು. "ಕತ್ತರಿಸಿದ್ದು ಮತ್ತ ಬರೂದಿಲ್ರಿ, ಸುತ್ತಿದ್ದು ಬಿಚ್ಚಬಹುದು." ಆ ಕಡೆ ಹತ್ತು ಸೆಂಟಿಮೀಟರ್, ಈ ಕಡೆ ಹತ್ತು, ಮತ್ತೆ ಅಳತೆ. ಮೂರನೇ ಸಲಕ್ಕೆ ಮುಳ್ಳು ಒಂದೂವರೆಗಿಂತ ಕೆಳಗೆ ನಿಂತಿತು. ಒಂದೂವರೆಯಲ್ಲಿ ನೂರಕ್ಕೆ ನಾಲ್ಕು ಪಾಲು ಶಕ್ತಿ ಮಾತ್ರ ಹಿಂದಿರುಗುತ್ತದೆ. ಮೂರಕ್ಕೆ ಹೋದರೆ ಇಪ್ಪತ್ತೈದು ಪಾಲು. ಇಷ್ಟು ತಾಳ್ಮೆ ನನಗೆ ದೊಡ್ಡ ವಿದ್ಯೆಯಾಗಿ ಕಂಡಿತು.

ಕೆಳಗಿನ ಕೋಣೆಯಲ್ಲಿ ಅವರಜ್ಜನ ಮರ್ಫಿ ಸೆಟ್ಟು. ಹಿಂದಿನ ಹಲಗೆ ಬಿಚ್ಚಿದಾಗ ಧೂಳು, ಸುಟ್ಟ ಮೇಣದ ವಾಸನೆ. ಬೆರಳಿಟ್ಟು ತೋರಿಸಿದ್ದು ಹೆಬ್ಬೆರಳ ಗಾತ್ರದ ಒಂದು ಕಾಗದದ ಕೆಪಾಸಿಟರ್. ಅದು ಸೋರತೊಡಗಿದರೆ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಬರಬಾರದ ವೋಲ್ಟೇಜ್ ಬಂದು ವಾಲ್ವ್ ಕೆಂಪಗೆ ಕಾಯುತ್ತದೆ, ಕೊನೆಗೆ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಅದನ್ನು ಬದಲಿಸಿ, ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳನ್ನೂ ತೆಗೆದು ಹೊಸದು ಹಾಕಿ, 60 ವ್ಯಾಟಿನ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಕರೆಂಟ್ ಕೊಟ್ಟರು. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಒಳ್ಳೆಯ ಲಕ್ಷಣ. ಅರ್ಧ ನಿಮಿಷದಲ್ಲಿ ವಾಲ್ವ್‌ಗಳು ಕಿತ್ತಳೆಯಾಗಿ ಹೊಳೆದವು. ಗುಂಡಿ ತಿರುಗಿಸಿ 765 ಕಿಲೋಹರ್ಟ್ಸ್ ಹತ್ತಿರ ನಿಲ್ಲಿಸಿದಾಗ ಧಾರವಾಡ ಆಕಾಶವಾಣಿ ಕನ್ನಡದಲ್ಲಿ ಮಾತಾಡಿತು. ಆ ಕೇಂದ್ರ ಶುರುವಾದದ್ದು 1950ರಲ್ಲಿ. ಗಡಿಯ ಈಚೆಯ ಮನೆಗಳಿಗೆ ಕನ್ನಡದ ಸುದ್ದಿ, ಹಾಡು, ನಾಟಕ ತಂದುಕೊಟ್ಟದ್ದು ಇಂಥ ಪೆಟ್ಟಿಗೆಗಳೇ. ಅವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿರುವುದು ನನಗೆ ಸಂಕಟದ ಸಂಗತಿ. ಅಡುಗೆಮನೆಯಿಂದ ಅವರ ತಾಯಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತು ಕೇಳಿದರು.

ನಿಮ್ಮ ಅಟ್ಟದಲ್ಲೂ ಅಂಥದ್ದೊಂದು ಇದ್ದರೆ ಮಾರಬೇಡಿ. ನೇರವಾಗಿ ಪ್ಲಗ್ಗಿಗೂ ಹಾಕಬೇಡಿ; ಒಳಗೆ 250 ವೋಲ್ಟ್‌ನಷ್ಟು ಡಿಸಿ ಇರುತ್ತದೆ. ಮೊದಲು ಬಲ್ಲವರಿಗೆ ತೋರಿಸಿ.