ಉತ್ತರವಿಲ್ಲವೆಂದ ಬಂಡೆ

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡು ಶ್ರಾಪ್‌ಶೈರ್ ಎಂಬ ಕೌಂಟಿಯಿದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಿದ್ದಂತೆ. ಇಲ್ಲಿ ಕಡಲಿಲ್ಲ, ಮಹಾನಗರವೂ ಇಲ್ಲ. ಉತ್ತರಕ್ಕೆ ಹಸುಗಳು ಮೇಯುವ ಬಯಲು, ದಕ್ಷಿಣಕ್ಕೆ ಕುರಿಗಳು ಮೇಯುವ ಗುಡ್ಡ, ನಡುವೆ ಬ್ರಿಟನ್ನಿನ ಅತಿ ಉದ್ದದ ನದಿ ಸೆವರ್ನ್.

ಈ ನದಿ ಬಳಸಿ ಹರಿಯುವ ಶ್ರೂಸ್‌ಬರಿ ಪಟ್ಟಣದಲ್ಲಿ ‘ಬೆಲ್‌ಸ್ಟೋನ್’ ಎಂಬ ಬಂಡೆಯೊಂದಿದೆ. ಆ ಜಾತಿಯ ಕಲ್ಲು ಸುತ್ತಮುತ್ತಲೆಲ್ಲೂ ಇಲ್ಲ. ಹಾಗಾದರೆ ಅದು ಇಲ್ಲಿಗೆ ಬಂದದ್ದು ಹೇಗೆ? ಪ್ರಳಯವಾದರೂ ಇದಕ್ಕೆ ಉತ್ತರ ಸಿಗದೆಂದು ಹಿರಿಯರೊಬ್ಬರು ಅಲ್ಲಿನ ಹುಡುಗನೊಬ್ಬನಿಗೆ ಹೇಳಿದ್ದರು. 1809ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಆ ಹುಡುಗನೇ ಚಾರ್ಲ್ಸ್ ಡಾರ್ವಿನ್! ರಸಾಯನ ಪ್ರಯೋಗಗಳಲ್ಲಿ ಕಾಲಹರಣ ಮಾಡುತ್ತಾನೆಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಂದ ಬೈಸಿಕೊಂಡವನು. ಬಂಡೆಯ ಮಾತನ್ನು ಮಾತ್ರ ಆತ ಮರೆಯಲಿಲ್ಲ.

ಉತ್ತರ ಸಿಕ್ಕಲು ಪ್ರಳಯವಾಗಬೇಕಾಗಲಿಲ್ಲ. ಹಿಂದೊಮ್ಮೆ ಹಿಮ ಈ ನಾಡನ್ನು ಮುಚ್ಚಿತ್ತೆಂಬ ವಿಚಾರವನ್ನು ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ 1840ರಲ್ಲಿ ಬ್ರಿಟನ್ನಿಗೆ ತಂದ. ಉತ್ತರದಿಂದ ಜರುಗಿ ಬಂದ ಹಿಮರಾಶಿ ದೂರದ ಬಂಡೆಗಳನ್ನು ಹೊತ್ತು ತಂದು, ಕರಗುವಾಗ ಇಲ್ಲೇ ಬಿಟ್ಟುಹೋಗಿತ್ತು.

ಹಿಮ ಬಿಟ್ಟುಹೋದದ್ದು ಬಂಡೆಯನ್ನಷ್ಟೇ ಅಲ್ಲ. ಕರಗಿದ ನೀರು ರಭಸದಿಂದ ಹರಿದು ಶ್ರೂಸ್‌ಬರಿಯ ಕೆಳಗಡೆ ಆಳವಾದ ಕಣಿವೆಯನ್ನು ಕೊರೆಯಿತು. ಅದರ ಇಕ್ಕೆಲಗಳಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು, ಸುಣ್ಣಕಲ್ಲು ಒಟ್ಟಿಗೇ ಕೈಗೆಟುಕಿದವು. ಸಾಗಣೆಗೆ ನದಿಯಿತ್ತು. 1709ರಲ್ಲಿ ಅಬ್ರಹಾಂ ಡಾರ್ಬಿ ಇಲ್ಲಿನ ಕೋಲ್‌ಬ್ರೂಕ್‌ಡೇಲಿನಲ್ಲಿ ಸೌದೆ ಇದ್ದಿಲಿನ ಬದಲು ಕೋಕ್ ಉರಿಸಿ ಅದಿರಿನಿಂದ ಕಬ್ಬಿಣ ತೆಗೆದ. ಅವನ ಮೊಮ್ಮಗ 1779ರಲ್ಲಿ ಕಣಿವೆಗೆ ಅಡ್ಡಲಾಗಿ ಸುಮಾರು 30 ಮೀಟರ್ ಅಗಲದ ಒಂದೇ ಕಮಾನಿನ ಕಬ್ಬಿಣದ ಸೇತುವೆ ಕಟ್ಟಿಸಿದ. ಎರಕದ ಕಬ್ಬಿಣದ ದೊಡ್ಡ ಸೇತುವೆಗಳಲ್ಲಿ ಜಗತ್ತಿಗೇ ಇದು ಮೊದಲನೆಯದು.

ಆದರೆ ಕಡಿದಾದ ಈ ಕಣಿವೆ ಇನ್ನೂ ನೆಲೆ ನಿಂತಿಲ್ಲ. ದಂಡೆಗಳು ಒಳಕ್ಕೆ ಜರುಗಿ ಸೇತುವೆಯನ್ನು ಅಮುಕತೊಡಗಿದ್ದರಿಂದ 1970ರ ದಶಕದಲ್ಲಿ ನದಿಯ ತಳದಲ್ಲಿ ಕಾಂಕ್ರೀಟಿನ ಆಸರೆ ಕೊಡಬೇಕಾಯಿತು. ಇಂದು ಅಲ್ಲಿ ಹಳೆಯ ಕುಲುಮೆಗಳು ಆರಿವೆ, ಹಸಿರು ಮರಳಿದೆ. 1986ರಿಂದ ಈ ಕಣಿವೆ ವಿಶ್ವ ಪರಂಪರೆಯ ತಾಣ.

ಬಂಡೆಯ ಪ್ರಶ್ನೆಗೂ ಸೇತುವೆಯ ಕಥೆಗೂ ಮೂಲ ಒಂದೇ ಹಿಮ. ನಿಮ್ಮ ಮಗುವೂ ನಾಳೆ ಕಲ್ಲೊಂದನ್ನು ಮನೆಗೆ ತಂದು ‘ಇದು ಎಲ್ಲಿಯದು?’ ಎಂದು ಕೇಳಬಹುದು. ‘ಬಿಸಾಡಿ ಬಂದು ಓದಿಕೋ’ ಎನ್ನುವ ಮುನ್ನ, ದಯವಿಟ್ಟು ಆ ಕಲ್ಲನ್ನು ನೀವೂ ಒಮ್ಮೆ ಕೈಗೆತ್ತಿಕೊಂಡು ನೋಡಿ.