ಚಿನ್ನದ ಚಂದ್ರ, ಮುತ್ತಿನ ಅಂಚು

ನಮ್ಮ ಅಕ್ಕಸಾಲಿಗರಿಗೆ ಪ್ರಕೃತಿಯೇ ಮೊದಲ ಗುರು. ಒಡವೆಗಳ ಹೆಸರುಗಳನ್ನೇ ನೋಡಿ: ಮಲ್ಲಿಗೆ ಮೊಗ್ಗಿನ ಸರ, ಮಾವಿನಕಾಯಿ ಸರ, ನಾಗರ ಜಡೆ. ಹಿತ್ತಿಲು, ತೋಪು, ಹುತ್ತ ಎಲ್ಲವೂ ಚಿನ್ನದಲ್ಲಿ ಮೂಡಿವೆ. ಇವುಗಳಲ್ಲಿ ಕೊಡಗಿನ ಕೊಕ್ಕೆತಾತಿಯ ಸೊಗಸೇ ಬೇರೆ.

ಕೊಡವ ವಧು ಧರಿಸುವ ಈ ಪದಕದ ಆಕಾರ ಬಾಲಚಂದ್ರನದು. ಅದರಲ್ಲಿ ಹಾವಿನ ಹೆಡೆ, ಹಕ್ಕಿಗಳ ಜೋಡಿ, ಕೆಂಪು ಹರಳುಗಳು. ಬಾಗಿದ ಅಂಚಿನುದ್ದಕ್ಕೂ ಸಣ್ಣ ಸಣ್ಣ ಮುತ್ತುಗಳು. ಇದರೊಡನೆ ತೊಡುವ ಜೋಮಾಲೆಯ ಚಿನ್ನದ ಗುಂಡುಗಳು ಒಳಗೆ ಟೊಳ್ಳು. ಒಂದು ಗ್ರಾಂ ಚಿನ್ನವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆಯಾಗಿಸಬಹುದು. ಆದರೆ ತೆಳು ತಗಡು ಬೇಗ ನೆಗ್ಗುತ್ತದೆ. ಆದ್ದರಿಂದಲೇ ಗುಂಡಿನೊಳಗೆ ಅರಗು ತುಂಬುತ್ತಾರೆ. ಅರಗೆಂದರೆ ಮರದ ಕೊಂಬೆಗಳ ಮೇಲೆ ಪುಟ್ಟ ಕೀಟವೊಂದು ಸ್ರವಿಸಿದ ಅಂಟು!

ಮುತ್ತಿನ ಕಥೆ ಇನ್ನೂ ಸ್ವಾರಸ್ಯ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆಂಬ ನಂಬಿಕೆ ನಮ್ಮಲ್ಲಿದೆ. ನಿಜವಾಗಿ, ಚಿಪ್ಪಿನೊಳಗೆ ಪರೋಪಜೀವಿಯಂಥದು ಹೊಕ್ಕಾಗ ಒಳಗಿನ ಮೃದು ಜೀವಿ ಅದರ ಸುತ್ತ ಪದರದ ಮೇಲೆ ಪದರ ಕಟ್ಟುತ್ತದೆ. ಆ ತೆಳು ಪದರಗಳಿಂದ ಬೆಳಕು ಪ್ರತಿಫಲಿಸುವುದರಿಂದಲೇ ಮುತ್ತಿಗೆ ಆ ಹೊಳಪು. ಈ ಗುಟ್ಟನ್ನರಿತು ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಳದ ಮುತ್ತು ಬೆಳೆದರು. ನಮ್ಮ ವಿಜ್ಞಾನಿಗಳು 1973ರಲ್ಲಿ ತೂತ್ತುಕುಡಿಯಲ್ಲಿ ಕೃಷಿ ಮುತ್ತು ಪಡೆದರು.

ವಿದ್ಯಾರ್ಥಿಗಳೇ, ಒಂದು ಪ್ರಯೋಗ ಮಾಡಿ. ಮೊಟ್ಟೆಯ ಚಿಪ್ಪಿನ ಚೂರನ್ನು ನಿಂಬೆರಸದಲ್ಲಿ ಹಾಕಿ. ಗುಳ್ಳೆಗಳು ಏಳುತ್ತವೆ, ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟು ಆಮ್ಲದಲ್ಲಿ ಕರಗುತ್ತಿದೆ. ಮುತ್ತಿನ ಬಹುಭಾಗವೂ ಇದೇ ವಸ್ತು. ಹುಣಸೆಹಣ್ಣಿನಿಂದ ತಿಕ್ಕಿದರೆ ಚಿನ್ನಕ್ಕೆ ಏನೂ ಆಗದು, ಮುತ್ತಿನ ಹೊಳಪು ಮಾತ್ರ ಹೋಗುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ಒಳಗಿನ ಅರಗು ಮೆತ್ತಗಾಗುತ್ತದೆ. ಮೃದುವಾದ ಬಟ್ಟೆಯಿಂದ ಒರೆಸಿ, ಬೇರೆ ಒಡವೆಗಳಿಗೆ ಉಜ್ಜದಂತೆ ಪ್ರತ್ಯೇಕವಾಗಿ ಇಟ್ಟರೆ ಸಾಕು.

ಪೋಷಕರಿಗೆ ಒಂದು ಮಾತು. ಹಳೆಯ ಒಡವೆಯನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ ಅರಗು, ಹರಳು, ಮುತ್ತುಗಳನ್ನು ಕಳೆದು ಉಳಿದ ಚಿನ್ನವನ್ನಷ್ಟೇ ತೂಗುತ್ತಾರೆ. ಅಕ್ಕಸಾಲಿಗನು ದಿನಗಟ್ಟಲೆ ಕುಳಿತು ಮಾಡಿದ ಹಕ್ಕಿಯ ರೆಕ್ಕೆಗೆ ತಕ್ಕಡಿಯಲ್ಲಿ ತೂಕವಿಲ್ಲ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಚಿನ್ನದ ಶುದ್ಧತೆ ಹೇಳುತ್ತದೆಯೇ ಹೊರತು ಕೈಚಳಕದ ಬೆಲೆಯನ್ನಲ್ಲ. ಕರಗಿಸಿದ ಚಿನ್ನ ಮತ್ತೆ ಚಿನ್ನವೇ. ಕರಗಿದ ಕುಸುರಿ ಮಾತ್ರ ಮರಳಿ ಬಾರದು.

ಕಷ್ಟಕಾಲದಲ್ಲಿ ಒಡವೆ ಮಾರಬೇಕಾಗುವುದು ಸಹಜ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಡುವ ಮುನ್ನ ಮಕ್ಕಳ ಕೈಯಲ್ಲಿ ಅದರ ಚಿತ್ರ ಬರೆಸಿ. ಅದರಲ್ಲಿರುವ ಹೂವು ಯಾವುದು, ಹಕ್ಕಿ ಯಾವುದು ಎಂದು ಅಜ್ಜಿಯನ್ನು ಕೇಳಿ ಪಕ್ಕದಲ್ಲೇ ಬರೆದುಕೊಳ್ಳಲಿ. ಒಡವೆ ಕೈಬಿಟ್ಟರೂ ಅದರ ಅರಿವು ಮನೆಯಲ್ಲೇ ಉಳಿದೀತು.